ಉಳಿಯಲಿಲ್ಲ ಎಂಬುದರ ಅನುವಾದ

ಜೂನ್ ೧೪

ಅನುವಾದಕರಿಗೆ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರ ಅಮ್ಮನಿಗಲ್ಲ. ನೀವಿಬ್ಬರೂ ಒಂದೇ ಮೇಜಿನ ಮುಂದೆ ಕೂರುತ್ತೀರಿ, ಒಂದೇ ಕನ್ನಡಕ ಹಾಕುತ್ತೀರಿ ಎಂದು ನನಗೆ ಗೊತ್ತು. ಆದರೂ ಲಕೋಟೆಯ ಮೇಲೆ ಮನೆಯ ವಿಳಾಸ ಬರೆಯದೆ ಪ್ರಕಾಶನದ ವಿಳಾಸ ಬರೆದಿದ್ದೇನೆ. ದಯವಿಟ್ಟು ಅಮ್ಮನಿಗೆ ಕೊಡಬೇಡಿ. ಕೊಟ್ಟರೆ ಅವಳು ಫೋನ್ ಮಾಡಿ "ಊಟ ಸರಿಯಾಗಿ ಮಾಡ್ತಿದ್ದೀಯಾ?" ಎಂದು ಕೇಳುತ್ತಾಳೆ, ನಾನು "ಹೂಂ" ಎನ್ನುತ್ತೇನೆ, ಅಲ್ಲಿಗೆ ಮುಗಿಯಿತು.

ನೀವು ಜಪಾನೀ ಭಾಷೆಯಿಂದ ಅನುವಾದಿಸಿದ ಚಿತ್ರಕಥೆ, ಮಾಂಗಾ, 'ಪಿಸು ಮತ್ತು ಚಿಂದಿ'ಯ ಎರಡು ಭಾಗಗಳನ್ನೂ ಓದಿದೆ. ನಮ್ಮ ಹಾಸ್ಟೆಲಿನಲ್ಲಿ ಇರುವುದು ಒಂದೇ ಪ್ರತಿ. ಅದನ್ನು ಹಿಂದಿನ ಪುಟದಿಂದ ಮುಂದಕ್ಕೆ ಓದಬೇಕು ಎಂದು ತಿಳಿಯದೆ ಅರ್ಧ ಹಾಸ್ಟೆಲ್ ಕಥೆಯನ್ನು ಉಲ್ಟಾ ಓದಿ ಅತ್ತಿದೆ. ನನ್ನ ಕೋಣೆಯಲ್ಲಿರುವ ಹುಡುಗಿಗಂತೂ (ಎಲ್ಲರೂ ಅವಳನ್ನು ವಟವಟ ಎಂದೇ ಕರೆಯುವುದು) ಹುಚ್ಚೇ ಹಿಡಿದಿದೆ. ಪಿಸು ಥೇಟ್ ನಾನೇ ಅಂತೆ. ತರಗತಿಯಲ್ಲಿ ಬಾಯಿ ಬಿಡದವಳು, ಹೆಸರು ಕರೆದರೆ ಬೆಂಚಿನೊಳಗೆ ಇಳಿದುಹೋಗುವವಳು.

ನನ್ನ ಪ್ರಶ್ನೆ ಚಿಂದಿಯ ಬಗ್ಗೆ. ಅದು ಬಟ್ಟೆ ಗೊಂಬೆ, ನಾಯಿಯೋ ಕರಡಿಯೋ ಯಾರಿಗೂ ಗೊತ್ತಿಲ್ಲ. ಸರಿ. ಆದರೆ ಅದಕ್ಕೆ ಜೀವ ಬಂದ ಮೇಲೂ ನೀವು 'ಚಿಂದಿ ಕಣ್ಣು ಬಿಟ್ಟಿತು', 'ಅದು ಚೀಲದೊಳಗಿಂದ ಮಾತಾಡಿತು' ಎಂದೇ ಬರೆದಿದ್ದೀರಿ. ಪಿಸುವಿಗೆ ಬದಲಾಗಿ ಟೀಚರಿಗೆ ಉತ್ತರ ಹೇಳುವ, ಒಂದೊಂದು ಮಾತಿಗೂ ತನ್ನ ಹೊಟ್ಟೆಯ ಹತ್ತಿ ಕಳೆದುಕೊಳ್ಳುವ ಜೀವವನ್ನು 'ಅದು' ಎನ್ನುತ್ತಾರೆಯೇ? ವಟವಟ 'ಅವನು' ಎನ್ನುತ್ತಾಳೆ. ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರಬೇಕಲ್ಲ?

ಇತಿ,
ಒಬ್ಬ ಓದುಗಳು
(ಓದುಗ ಎಂದು ಹಾಕಿದರೆ ಹುಡುಗ ಆಗಿಬಿಡುತ್ತೇನೆ. ನೋಡಿ, ನಮ್ಮ ಭಾಷೆಯಲ್ಲಿ ತಪ್ಪಿಸಿಕೊಳ್ಳುವುದಕ್ಕೆ ಜಾಗವೇ ಇಲ್ಲ.)


ಜೂನ್ ೨೩

ಮಾನ್ಯ ಓದುಗಳೇ,

ನಿಮ್ಮ ಪತ್ರ ಸಂಪಾದಕರ ಮೇಜಿನಿಂದ ನನ್ನ ಮೇಜಿಗೆ ಬಂತು. "ಏನ್ ಮೇಡಂ, ನಿಮ್ಮನೆ ಮಾತೆಲ್ಲ ನಮ್ಮ ಆಫೀಸಿಗೆ ಪೋಸ್ಟಲ್ಲಿ ಬರ್ತಿದೆ" ಎಂದು ಅವರು ನಕ್ಕರು. ನೀವು ಕೇಳಿಕೊಂಡಂತೆ ಅದನ್ನು ಅಮ್ಮನಿಗೆ ಕೊಟ್ಟಿಲ್ಲ. ಅವರು ಕೇಳಲೂ ಇಲ್ಲ. ಅಷ್ಟು ಹೊತ್ತೂ ಪಕ್ಕದಲ್ಲೇ ಕೂತಿದ್ದರು, ಪಾಪ.

ನಿಮ್ಮ ಪ್ರಶ್ನೆಗೆ ಎರಡು ಉತ್ತರಗಳಿವೆ. ಒಂದು ಸೋಮಾರಿಯ ಉತ್ತರ. ಮಾಂಗಾದಲ್ಲಿ ಮಾತುಗಳನ್ನು ಪಾತ್ರದ ಬಾಯಿಯ ಪಕ್ಕ ಬರೆದ ಗುಳ್ಳೆಯೊಳಗೆ ಕೂರಿಸಬೇಕು. ಆ ಭಾಷೆಯ ಅಕ್ಷರಗಳು ಮೇಲಿಂದ ಕೆಳಗೆ ಇಳಿಯುತ್ತವೆ, ಹಾಗಾಗಿ ಗುಳ್ಳೆ ತೆಳ್ಳಗೆ ಉದ್ದಕ್ಕೆ ಇರುತ್ತದೆ. ನಮ್ಮ ಪದಗಳೋ ಅಡ್ಡಡ್ಡ ಬೆಳೆಯುತ್ತವೆ. ಅಕ್ಷರ ಕೂರಿಸುವವರು ದಿನಕ್ಕೊಂದು ಸಲ "ಅಕ್ಕಾ, ಈ ಗುಳ್ಳೆ ಒಡೆದುಹೋಗುತ್ತೆ, ಪದ ಚಿಕ್ಕದು ಮಾಡಿ" ಎನ್ನುತ್ತಾರೆ. 'ಬಂದಳು'ಗಿಂತ 'ಬಂತು' ಚಿಕ್ಕದು.

ಇನ್ನೊಂದು ನಿಜವಾದ ಉತ್ತರ. ಮೂಲದಲ್ಲಿ ಚಿಂದಿ ಗಂಡೋ ಹೆಣ್ಣೋ ಎಂದು ಹೇಳಿಲ್ಲ. ಆ ಭಾಷೆಯ ಕ್ರಿಯಾಪದ ಯಾರಿಗೂ ಅಂಟಿಕೊಳ್ಳುವುದಿಲ್ಲ. ಬಂತು, ಬಂದ, ಬಂದಳು, ಮೂರಕ್ಕೂ ಒಂದೇ ಮಾತು. ಎಷ್ಟೋ ಸಲ 'ಯಾರು' ಎಂಬುದನ್ನೂ ಬಿಟ್ಟುಬಿಡುತ್ತಾರೆ. ಚಿತ್ರ ಬರೆದವರು ಹೇಳದಿದ್ದುದನ್ನು ನಾನು ಹೇಗೆ ಹೇಳಲಿ ಎಂದು ಕಾಯುತ್ತಿದ್ದೇನೆ. ಇದು ಪ್ರಾಮಾಣಿಕತೆಯೋ ಪುಕ್ಕಲುತನವೋ ಎಂದು ನನ್ನನ್ನೇ ಕೇಳಿಕೊಂಡದ್ದೂ ಉಂಟು.

ಆದರೆ 'ಅದು' ಎಂದರೆ ಕಡೆಗಣಿಸಿದಂತೆ ಎಂದು ಮಾತ್ರ ತಿಳಿಯಬೇಡಿ. ಶಾಲೆಯಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿತ ನನಗೆ ಇದು ತಡವಾಗಿ ಹೊಳೆದದ್ದು. ಮಕ್ಕಳನ್ನು ನಾವು 'ಅದು' ಎನ್ನುವುದಿಲ್ಲವೇ? "ಪಾಪ, ಅದಕ್ಕೆ ನಿದ್ದೆ ಬಂದಿದೆ." "ಹೇಗೆ ನಗುತ್ತೆ ನೋಡು." ಆ ಅದುವಿನಲ್ಲಿರುವ ಅಕ್ಕರೆ ಅವನು, ಅವಳುಗಳಲ್ಲಿ ಇಲ್ಲ.

ನಿಮ್ಮ ತಂದೆಯವರು (ಅವರ ಪರಿಚಯ ನನಗೂ ಸ್ವಲ್ಪ ಇದೆ) ಚೆನ್ನಾಗಿದ್ದಾರೆ. ಲಿಫ್ಟ್ ರಿಪೇರಿಗೆ ಹೋದ ಕಟ್ಟಡದಲ್ಲಿ ಯಾರೋ "ನಿಮ್ಮ ಮನೆಯವರು ಏನು ಮಾಡ್ತಾರೆ?" ಎಂದರಂತೆ. "ದಿನವಿಡೀ ಮಂಗನ ಜೊತೆ ಕೂತಿರ್ತಾಳೆ" ಎಂದು ಹೇಳಿ ಬಂದಿದ್ದಾರೆ. ಮಾಂಗಾ ಎನ್ನಲು ಈವರೆಗೂ ಒಪ್ಪಿಲ್ಲ.

ಊಟದ ವಿಷಯ ನಾನು ಕೇಳುವುದಿಲ್ಲ.

ವಂದನೆಗಳೊಂದಿಗೆ,
ಅನುವಾದಕಿ


ಆಗಸ್ಟ್ ೯

ಅನುವಾದಕರಿಗೆ,

ಮಕ್ಕಳನ್ನು 'ಅದು' ಎನ್ನುತ್ತೇವೆ ಎಂದು ಬರೆದಿದ್ದೀರಿ. ಎಷ್ಟು ದಿನದವರೆಗೆ?

ಈ ಒಂದು ಸಾಲು ಬರೆದಿಟ್ಟು ತುಂಬ ದಿನವಾಯಿತು. ಇಷ್ಟನ್ನೇ ಕಳಿಸಿದರೆ ಒರಟಾಗುತ್ತದೆಂದು ಉಳಿದದ್ದನ್ನು ಈಗ ಸೇರಿಸುತ್ತಿದ್ದೇನೆ.

ಇಲ್ಲಿ ವಿಶೇಷವೇನೂ ಇಲ್ಲ. ಕಳೆದ ವಾರ ಭೂಗೋಳದ ಮೇಷ್ಟ್ರು ನನ್ನನ್ನು ಎಬ್ಬಿಸಿ, ನದಿ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರು. ಉತ್ತರ ಗೊತ್ತಿತ್ತು. ಬೆಂಚಿನ ಅಂಚು ನೋಡುತ್ತಾ ನಿಂತೆ. ಹಿಂದಿನ ಬೆಂಚಿನಿಂದ ವಟವಟ ಎದ್ದು, "ಸಾರ್, ಬೆಟ್ಟದಲ್ಲಿ ಸಾರ್" ಎಂದಳು.

"ನಿನ್ನ ಕೇಳಿದ್ನೇನಮ್ಮ?"

"ಇಲ್ಲ ಸಾರ್. ಅವಳಿಗೆ ಗೊತ್ತು ಸಾರ್. ನಾನು ಬರೀ ಸ್ಪೀಕರ್ರು."

ಇಡೀ ತರಗತಿ ನಕ್ಕಿತು. ಮೇಷ್ಟ್ರೂ ನಕ್ಕರು. ಮಧ್ಯಾಹ್ನ ಅವಳು ತನ್ನ ಹಳೆಯ ದಿಂಬಿನಿಂದ ಒಂದು ಹಿಡಿ ಹತ್ತಿ ಕಿತ್ತು ನನ್ನ ಪುಸ್ತಕದ ಮೇಲಿಟ್ಟು, "ನೋಡೇ, ಇವತ್ತಿಂದು. ಹೀಗೇ ಆದ್ರೆ ಪರೀಕ್ಷೆ ಹೊತ್ತಿಗೆ ನಾನು ಬರೀ ತೊಗಲು" ಎಂದಳು. ನನಗೆ ನಗು ಬಂತು, ಆಮೇಲೆ ಆ ಹತ್ತಿಯನ್ನು ಅವಳ ದಿಂಬಿಗೇ ಮತ್ತೆ ತುರುಕಿದೆ. ಮೂರನೆಯ ಭಾಗದಲ್ಲಿ ಪಿಸುವಿಗೆ ಹತ್ತಿಯ ವಿಷಯ ಗೊತ್ತಾಗುತ್ತದೆಯೇ? ಹೇಳಬೇಡಿ.

ಹೂಂ, ಎಷ್ಟು ದಿನದವರೆಗೆ ಎಂಬುದನ್ನು ಮಾತ್ರ ಹೇಳಿ.

ಇತಿ,
ಓದುಗಳು


ಆಗಸ್ಟ್ ೨೧

ಮಾನ್ಯ ಓದುಗಳೇ,

ಎಷ್ಟು ದಿನದವರೆಗೆ ಎಂದು ವ್ಯಾಕರಣದ ಪುಸ್ತಕಗಳಲ್ಲಿ ಹುಡುಕಿದೆ. ಸಿಗಲಿಲ್ಲ. ಸಂಪಾದಕರನ್ನು ಕೇಳಿದೆ.

"ಮಗು ಎದುರು ಮಾತಾಡೋವರೆಗೆ" ಎಂದರು ಅವರು. "ನಮ್ಮನೇಲಿ ಎರಡು ವರ್ಷಕ್ಕೇ 'ಅವನು' ಆಗಿಬಿಟ್ಟ. ಅದಿರ್ಲಿ ಮೇಡಂ, ಈ ಚಿಂದೀನ ಅವನು ಮಾಡಿಬಿಡಿ. ಹುಡುಗರೂ ಕೊಳ್ತಾರೆ."

"ಮೂಲದಲ್ಲಿ ಇಲ್ವಲ್ಲ ಸಾರ್."

"ಮೂಲದಲ್ಲಿ ನಿಮ್ಮ 'ಅದು'ವೂ ಇಲ್ಲ."

ಅವರು ಹೇಳಿದ್ದು ಸರಿ. 'ಅದು' ಎನ್ನುವುದೂ ಒಂದು ಆಯ್ಕೆಯೇ. ಹೇಳದೆ ಬಿಟ್ಟೆ ಎಂದು ನಾನು ಅಂದುಕೊಂಡಲ್ಲೆಲ್ಲ ಓದುವವರು ಏನನ್ನೋ ಕೇಳಿಸಿಕೊಂಡಿರುತ್ತಾರೆ.

ನನ್ನ ಅಂದಾಜು ಹೀಗಿದೆ. ಹೆಸರಿಟ್ಟ ಮೇಲೆ ಸ್ವಲ್ಪ ಸ್ವಲ್ಪವಾಗಿ 'ಅದು' ಕಳಚಿಕೊಳ್ಳುತ್ತದೆ. ನೀವು ನಡೆಯಲು ಕಲಿತ ದಿನ (ನಿಮ್ಮ ಅಮ್ಮ ಹೇಳಿದ್ದು) ನಿಮ್ಮ ತಂದೆ ಬಾಗಿಲಲ್ಲಿ ನಿಂತು "ಅಯ್ಯೋ, ಬಂತು ಬಂತು" ಎಂದು ಕೂಗಿದರಂತೆ. ಬಿದ್ದು ಎದ್ದು ಎರಡನೆಯ ಸಲ ಬಂದಾಗ "ಬಂದಳು" ಎಂದರಂತೆ. ಆ ಎರಡು ಕೂಗಿನ ನಡುವೆ ಎಲ್ಲೋ ನೀವು ದೊಡ್ಡವರಾದಿರಿ.

ಮೇಲಿನ ಸಾಲನ್ನು ಬರೆದು ನಿಮ್ಮ ಪತ್ರವನ್ನು ಮತ್ತೆ ತೆಗೆದು ಓದಿದೆ. ಓದುಗಳೇ, ನೀವು ಕೇಳಿದ್ದು ವ್ಯಾಕರಣವನ್ನೇ? ಅಲ್ಲದಿದ್ದರೆ ನಾನು ಬೇರೆಯೇ ಪ್ರಶ್ನೆಗೆ ಉತ್ತರ ಬರೆದಿರಬಹುದು. ನನಗೆ ಆ ಅಭ್ಯಾಸವಿದೆ. ಗುಳ್ಳೆಯೊಳಗೆ ಹಿಡಿಸುವಷ್ಟನ್ನು ಮಾತ್ರ ಬರೆಯುವುದು.

ಮೂರನೆಯ ಭಾಗ ಅಚ್ಚಿಗೆ ಹೋಗಿದೆ. ಅದರ ಕರಡನ್ನು ನಿಮ್ಮ ತಂದೆ ನಮ್ಮ ಪುಸ್ತಕದಂತೆ ಎಡಗಡೆಯಿಂದ ತೆರೆದು, ಕೊನೆಯ ಪುಟವನ್ನು ಮೊದಲು ಓದಿ, "ಇದೇನೇ, ಶುರುವಿಗೇ ಇಷ್ಟು ಅಳ್ತಾಳೆ?" ಎಂದು ಗಾಬರಿಯಾದರು. ಆಮೇಲೆ ಮೊದಲ ಪುಟಕ್ಕೆ ಬಂದು ಪಿಸು ನಗುವುದನ್ನು ಕಂಡು ಸಮಾಧಾನ ಮಾಡಿಕೊಂಡರು. ಕಥೆಯನ್ನು ಹಾಗೂ ಓದಬಹುದು ಎಂದು ನನಗೆ ತೋಚಿರಲಿಲ್ಲ.

ವಂದನೆಗಳು,
ಅನುವಾದಕಿ


ಸೆಪ್ಟೆಂಬರ್ ೩೦

ಅನುವಾದಕರಿಗೆ,

ಮೂರನೆಯ ಭಾಗ ಓದಿದೆ. ತನ್ನ ಕೋಣೆಯ ನೆಲದ ಮೇಲಿನ ಹತ್ತಿ ದಿಂಬಿನದಲ್ಲ, ಚಿಂದಿಯ ಹೊಟ್ಟೆಯದು ಎಂದು ಗೊತ್ತಾದ ಮೇಲೆ ಪಿಸು ಚಿಂದಿಯ ಜೊತೆಗೂ ಮಾತು ಬಿಟ್ಟು ಪೂರ್ತಿ ಮೂಕಿಯಾಗುತ್ತಾಳಲ್ಲ, ತನಗೋಸ್ಕರ ಚಿಂದಿ ಮಾತಾಡದಿರಲಿ ಎಂದು. ವಟವಟ ಹೋ ಎಂದು ಅತ್ತಳು. ನಾನು ಅಳಲಿಲ್ಲ. ಪಿಸುವಿನ ಮೇಲೆ ಸಿಟ್ಟು ಬಂತು. ಸುಮ್ಮನಿದ್ದರೆ ಯಾರೂ ಉಳಿಯುವುದಿಲ್ಲ, ಅಷ್ಟೂ ತಿಳಿಯುವುದಿಲ್ಲವೇ?

ನಾನು ಕೇಳಿದ್ದು ವ್ಯಾಕರಣವನ್ನಲ್ಲ. ನನಗೆ ಒಂದು ವಾಕ್ಯವನ್ನು ಅನುವಾದ ಮಾಡಿಕೊಡಬೇಕು. ನಮ್ಮ ಭಾಷೆಯಿಂದ ನಮ್ಮ ಭಾಷೆಗೇ.

ಒಬ್ಬ ಹುಡುಗಿ ಇದ್ದಳು. ಅವಳಿಗೆ ಹನ್ನೆರಡು ವರ್ಷ. ಅವಳ ಮನೆಗೆ ಒಂದು ಮಗು ಬರುವುದಿತ್ತು. ಅವಳು ಅಪ್ಪನ ಹಳೆಯ ನೀಲಿ ಯೂನಿಫಾರ್ಮ್ ಕತ್ತರಿಸಿ ಒಂದು ಗೊಂಬೆ ಹೊಲಿದಳು. ಒಂದು ಕಣ್ಣು ಅಪ್ಪನ ಅಂಗಿಯ ಗುಂಡಿ, ಇನ್ನೊಂದು ಅಮ್ಮನ ಸ್ವೆಟರಿನದು. ಬಟ್ಟೆ ಸಾಲದೆ ಮೂರೇ ಕಾಲಾಯಿತು. ಆನೆ ಎಂದು ಹೊರಟದ್ದು, ಏನಾಯಿತೋ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಅಪ್ಪ ಒಂದು ಸಲ ಬಂದಾಗ ಗೊಂಬೆಯನ್ನು ಅವರ ಕೈಗೆ ಕೊಟ್ಟು "ಮಗೂಗೆ" ಎಂದಳು. ಸಂಜೆ ಅಪ್ಪ ಬರಿಗೈಯಲ್ಲಿ ಬಂದು ಪಕ್ಕದಲ್ಲಿ ಕೂತು, "ಮಗು ಉಳೀಲಿಲ್ಲ ಪುಟ್ಟಿ" ಎಂದರು. ಪಕ್ಕದ ಮನೆಯ ಆಂಟಿ ಅವಳನ್ನು ಕರೆದುಕೊಂಡು ಹೋದರು. ಆ ಆಂಟಿ ಫೋನಿನಲ್ಲಿ ಎಲ್ಲರಿಗೂ, "ಅದು ಪುಣ್ಯ ಮಾಡಿತ್ತು, ಹೆಚ್ಚು ನೋವು ತಿನ್ನದೆ ಹೋಯ್ತು" ಎನ್ನುತ್ತಿದ್ದರು. ಅಮ್ಮ ಮನೆಗೆ ಬಂದಳು. "ಮಗು" ಎಂದು ಎರಡು ಮೂರು ಸಲ ಅಂದಳು. ಆಮೇಲೆ ಅದನ್ನೂ ಬಿಟ್ಟಳು.

ತಮ್ಮನೋ ತಂಗಿಯೋ ಎಂದು ಹುಡುಗಿಗೆ ಯಾರೂ ಹೇಳಲಿಲ್ಲ.

ಮೊದಲ ದಿನ ಎಲ್ಲರೂ ಅಳುತ್ತಿದ್ದರು, ಕೇಳಲಾಗಲಿಲ್ಲ. ಆಮೇಲೆ ಮನೆಯಲ್ಲಿ ಆ ಮಾತೇ ಏಳಲಿಲ್ಲ. ಆಮೇಲೆ ತಡವಾಗಿಹೋಯಿತು. ದಿನಾ ಬಸ್ಸಿನಲ್ಲಿ ಸಿಗುವವರ ಹೆಸರನ್ನು ಮೊದಲೇ ಕೇಳದಿದ್ದರೆ ಆಮೇಲೆ ಕೇಳಲು ನಾಚಿಕೆಯಾಗುತ್ತದಲ್ಲ, ಹಾಗೆ. ಈಗ ಹೋಗಿ ಕೇಳಿದರೆ "ಇಷ್ಟು ವರ್ಷ ಗೊತ್ತಿಲ್ಲದೆ ಇದ್ದೆಯಾ?" ಎಂದು ಅಮ್ಮ ಮತ್ತೆ ಒಡೆದುಹೋಗುತ್ತಾಳೆ. ಅದಕ್ಕೇ ಹುಡುಗಿ ಹಾಸ್ಟೆಲಿಗೆ ಬಂದಳು. ಕೇಳದೇ ಇರುವುದು ದೂರದಿಂದ ಸುಲಭ.

ನಿಮ್ಮ ಪತ್ರ ಓದಿದ ಮೇಲೆ ಒಂದು ಕಂಡುಹಿಡಿದೆ. ಬಂದ, ಬಂದಳು, ಬಂತು ಬೇರೆ ಬೇರೆ. ಆದರೆ ಬರಲಿಲ್ಲ ಎಂದರೆ ಮೂವರಿಗೂ ಒಂದೇ. ಉಳಿಯಲಿಲ್ಲ ಎಂದರೂ ಅಷ್ಟೇ. ನಮ್ಮ ಭಾಷೆಯಲ್ಲಿ ತಪ್ಪಿಸಿಕೊಳ್ಳಲು ಜಾಗವಿಲ್ಲ ಎಂದಿದ್ದೆನಲ್ಲ, ಸುಳ್ಳು. 'ಇಲ್ಲ' ಎಂಬುದರ ಹಿಂದೆ ಎಷ್ಟು ಜನ ಬೇಕಾದರೂ ಅಡಗಬಹುದು.

ಹುಡುಗಿ ಮನಸ್ಸಿನಲ್ಲಿ ತಮ್ಮ, ತಂಗಿ ಇಬ್ಬರನ್ನೂ ಸಾಕುತ್ತಿದ್ದಾಳೆ. ತಮ್ಮ ಎಂದುಕೊಂಡ ದಿನ ಅವನ ಕೂದಲು ನೆಟ್ಟಗೆ ನಿಂತಿರುತ್ತದೆ, ಚಪ್ಪಲಿಯನ್ನು ಎಡ ಬಲ ತಪ್ಪಿ ಹಾಕಿಕೊಳ್ಳುತ್ತಾನೆ. ತಂಗಿ ಎಂದುಕೊಂಡ ದಿನ ಅವಳು ನನ್ನ ಬಣ್ಣದ ಪೆನ್ಸಿಲ್ ಕದಿಯುತ್ತಾಳೆ. ಯಾರೇ ಆಗಿದ್ದರೂ ನಾನು ಅಕ್ಕನೇ, ಅದೊಂದು ಗೊತ್ತು. ನೀವು ಹೇಳಿದರೆ ಇಬ್ಬರಲ್ಲಿ ಒಬ್ಬರನ್ನು ಕಳೆದುಕೊಳ್ಳಬೇಕಾಗುತ್ತದೆ ಎಂಬುದೂ ಗೊತ್ತು. ಪರವಾಗಿಲ್ಲ, ಹೇಳಿ.

ಅಮ್ಮನ ಕೈಯಲ್ಲಿ ಹೇಳಿಸಬೇಡಿ. ನೀವು ಹೇಳಿ. ಒಂದೇ ಪದ ಸಾಕು.

ಓದುಗಳು


ಅಕ್ಟೋಬರ್ ೧೯

ಪುಟ್ಟೀ,

ನಾನು ಕಣೇ, ಅಪ್ಪ. ನನ್ನ ಕೈಬರಹ ನೋಡಿ ನಗಬೇಡ, ಲಿಫ್ಟಿನ ಬಾಗಿಲ ಮೇಲೆ 'ಕೆಟ್ಟಿದೆ' ಅಂತ ಬರೆಯೋದು ಬಿಟ್ಟು ಬೇರೇನೂ ಬರೆದು ಅಭ್ಯಾಸ ಇಲ್ಲ.

ನಿನ್ನ ಕಾಗದ ಬಂದ ದಿನ ನಾನು ಕೆಲಸದಿಂದ ಬಂದಾಗ ನಿಮ್ಮಮ್ಮ ಮೇಜಿನ ಮುಂದೆ ಕೂತಿದ್ದಳು. ಕೈಯಲ್ಲಿ ಕಾಗದ. "ನೀವು ಅವಳಿಗೆ ಹೇಳಿರ್ಲಿಲ್ವಾ?" ಅಂದಳು. "ಏನು?" ಅಂದೆ. ಕಾಗದ ಕೊಟ್ಟಳು. ಓದಿದೆ. "ನೀನು ಹೇಳಿರ್ತೀಯ ಅಂದ್ಕೊಂಡಿದ್ದೆ" ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಬೆಂಚಿನ ಹತ್ತಿರ ನಾನು ಹೇಳಿದೆ ಅಂತ ಅವಳು, ಮನೆಗೆ ಬಂದ ಮೇಲೆ ಅವಳು ಹೇಳಿದಳು ಅಂತ ನಾನು. ಇಷ್ಟು ವರ್ಷ. ಎರಡು ಮಹಡಿ ನಡುವೆ ಲಿಫ್ಟ್ ನಿಂತರೆ ಮೇಲಿನವರು ಕೆಳಗಿನವರು ಕರೆದಿರ್ತಾರೆ ಅಂದ್ಕೋತಾರೆ, ಕೆಳಗಿನವರು ಮೇಲಿನವರು ಕರೆದಿರ್ತಾರೆ ಅಂದ್ಕೋತಾರೆ. ಒಳಗಿದ್ದವರು ಒಳಗೇ. ಇದು ನಾನು ದಿನಾ ನೋಡೋ ವಿಷಯ. ನನ್ನ ಮನೇಲೇ ತಿಳೀಲಿಲ್ಲ ನೋಡು.

ನಾನು ಈಗಲೇ ಹೇಳಿಬಿಡಬಹುದು. ಫೋನ್ ಕೈಗೆತ್ತಿಕೊಂಡೆ ಕೂಡ. "ಬೇಡ, ಅವಳು ನನ್ನ ಕೇಳಿರೋದು" ಅಂದಳು. "ಅಮ್ಮನ ಕೈಲಿ ಹೇಳಿಸಬೇಡಿ ಅಂತ ಬರೆದಿದ್ದಾಳಲ್ಲ" ಅಂದೆ. "ಅದನ್ನೂ ಅನುವಾದ ಮಾಡ್ಕೊಂಡೆ" ಅಂದಳು. ನಿಮ್ಮಿಬ್ಬರ ಭಾಷೆ ನನಗೆ ಆಗಲ್ಲ. ಅದಕ್ಕೆ ಇಲ್ಲಿ ಹುಷಾರಾಗಿ 'ಮಗು' ಅಂತಲೇ ಬರೀತೀನಿ, ಬಾಯಿ ಜಾರಬಾರದಲ್ಲ. ಅವಳು ದಿನಾ ಬರೀತಾಳೆ, ಹರೀತಾಳೆ. ಸ್ವಲ್ಪ ತಡ್ಕೋ.

ಒಂದು ವಿಷಯ ಮಾತ್ರ ನಾನೇ ಹೇಳ್ತೀನಿ, ಅದು ನಿಮ್ಮಮ್ಮನಿಗೆ ಗೊತ್ತಿಲ್ಲದ್ದು. ನಿನ್ನ ಗೊಂಬೆ ತಲುಪಿತು. ಮಗೂನ ಬೆಚ್ಚಗೆ ಇಟ್ಟಿದ್ದ ಗಾಜಿನ ಪೆಟ್ಟಿಗೆ ಒಳಗೆ ಇಡೋ ಹಾಗಿಲ್ಲ ಅಂದರು ನರ್ಸು. ಪೆಟ್ಟಿಗೆಯ ಹೊರಗೆ, ಮಗು ಮುಖ ಇದ್ದ ಕಡೆ ಒರಗಿಸಿಟ್ಟೆ. ಮೂರು ಕಾಲಲ್ಲೂ ನಿಲ್ಲುತ್ತೆ ಕಣೇ ಅದು, ನೀನು ಹೊಲಿದಿದ್ದು ಗಟ್ಟಿ ಇತ್ತು. ಆಮೇಲೆ ಕಳಿಸುವಾಗ ಜೊತೆಗೇ ಕಳಿಸಿದೆ. ಒಂಟಿಯಾಗಿ ಹೋಗಲಿಲ್ಲ ನಮ್ಮ ಮಗು.

ಬೇಗ ಚಳಿ ಶುರುವಾಗುತ್ತೆ, ಕಿವಿ ಮುಚ್ಚಿಕೋ.

ನಿನ್ನ,
ಅಪ್ಪ


ನವೆಂಬರ್ ೬

ಮಗಳೇ,

ಇಷ್ಟು ದಿನ ನಿನಗೆ ಉತ್ತರ ಬರೆಯುತ್ತಿದ್ದವಳು ಇವತ್ತು ಕೆಲಸಕ್ಕೆ ಬಂದಿಲ್ಲ. ಮೇಜಿನ ಮುಂದೆ ನಾನೊಬ್ಬಳೇ ಇದ್ದೇನೆ. ನೀನು ಬೇಡ ಎಂದವಳು.

ಅವಳು. ತಂಗಿ.

ಒಂದು ಪದ ಸಾಕು ಎಂದಿದ್ದೆ. ಆ ಒಂದು ಪದ ಬರೆಯಲು ನನಗೆ ಇಷ್ಟು ದಿನ ಬೇಕಾಯಿತು. ಗೊತ್ತಿಲ್ಲದೆ ಅಲ್ಲ, ನಾನು ಅದನ್ನು ಈವರೆಗೆ ಎಲ್ಲೂ ಬಳಸಿರಲಿಲ್ಲ ಎಂಬುದು ಪೆನ್ನು ಹಿಡಿದಾಗಲೇ ತಿಳಿಯಿತು. ಮನಸ್ಸಿನಲ್ಲೂ ಬಳಸಿರಲಿಲ್ಲ. ಮನಸ್ಸಿನಲ್ಲೂ ನಾನು 'ಮಗು' ಎಂದೇ ಅಂದುಕೊಳ್ಳುತ್ತಿದ್ದೆ. ನಾನು ಶಾಲೆಯಲ್ಲಿ ಓದಿದ ಇಂಗ್ಲಿಷಿನಲ್ಲಾದರೆ ಎರಡನೆಯ ವಾಕ್ಯಕ್ಕೇ ಅವನೋ ಅವಳೋ ಎಂದು ಹೇಳಲೇಬೇಕಾಗುತ್ತಿತ್ತು. ನಮ್ಮ ಭಾಷೆ ನನಗೆ ಅಡಗಲು ಜಾಗ ಕೊಟ್ಟಿತು, ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೊರಗೆ ನೀನು ನಿಂತಿದ್ದು ಕಾಣಲಿಲ್ಲ.

ಈಗ ಹೇಳುತ್ತೇನೆ. ನಿಧಾನವಾಗಿ ಓದು, ನಾನು ನಿಧಾನವಾಗಿಯೇ ಬರೆಯುತ್ತಿದ್ದೇನೆ.

ಅವಳು ಬೆಳಿಗ್ಗೆ ಬಂದಳು. ಬರುವ ಹೊತ್ತಿಗಿಂತ ಮೊದಲೇ ಬಂದಳು. ಅತ್ತಳು, ಆದರೆ ಬೆಕ್ಕಿನ ಮರಿಯಷ್ಟೇ ಸದ್ದು. ಒಂದು ಸಲ ಸೀನಿದಳು. ಸೀನಿ ತನಗೇ ಆಶ್ಚರ್ಯವಾದ ಹಾಗೆ ಕಣ್ಣು ಬಿಟ್ಟಳು. ಬಲಗೈ ಮುಷ್ಟಿಯಿಂದ ಹೆಬ್ಬೆರಳನ್ನು ಹೊರಗೆ ಇಟ್ಟುಕೊಂಡಿದ್ದಳು, ನೀನು ನಿದ್ದೆಯಲ್ಲಿ ಇಟ್ಟುಕೊಳ್ಳುವ ಹಾಗೆ. ಕೂದಲು ಇತ್ತು, ನಿಂತಿರಲಿಲ್ಲ, ಹಣೆಗೆ ಅಂಟಿತ್ತು. ಉಸಿರು ಅವಳಿಗೆ ಸಾಲುತ್ತಿರಲಿಲ್ಲ. ಕಿಟಕಿಯಲ್ಲಿ ಬೆಳಕು ಇರುವವರೆಗೆ ಇದ್ದಳು.

ನನ್ನನ್ನು ಗಾಲಿಕುರ್ಚಿಯಲ್ಲಿ ಅವಳ ಹತ್ತಿರ ಕರೆದೊಯ್ದಿದ್ದರು. ಪೆಟ್ಟಿಗೆಗೆ ಒರಗಿಕೊಂಡು ಏನೋ ನೀಲಿಯದು ಇತ್ತು. ಆಸ್ಪತ್ರೆಯ ಯಾವುದೋ ಬಟ್ಟೆಯೆಂದುಕೊಂಡು ಸರಿಸಲು ಹೋದೆ. ಆಗ ಅವಳು ಅತ್ತ ಮುಖ ಮಾಡಿದ್ದು ಕಂಡು ಬಿಟ್ಟುಬಿಟ್ಟೆ. ಅದು ನಿನ್ನ ಗೊಂಬೆ ಎಂದು ನನಗೆ ತಿಳಿದದ್ದು ಹೋದ ತಿಂಗಳು, ನಿನ್ನ ಅಪ್ಪ ಬರೆದ ಕಾಗದವನ್ನು ಅಂಚೆಗೆ ಹಾಕುವ ಮೊದಲು ಓದಿದಾಗ. ನಿನ್ನ ತಂಗಿ ಈ ಲೋಕದಲ್ಲಿ ಬಿಟ್ಟ ಕಣ್ಣಿಂದ ನೋಡಿದ್ದು ಬಹಳ ಕಡಿಮೆ. ಅದರಲ್ಲಿ ನೀನು ಹೊಲಿದದ್ದೂ ಒಂದು.

ಹೆಸರು ಇಡಲಿಲ್ಲ. ಇಟ್ಟಿದ್ದರೆ ನಿನಗೆ ಆವತ್ತೇ ಗೊತ್ತಾಗುತ್ತಿತ್ತು.

ನೀನು ಕೇಳದೆ ಇದ್ದದ್ದು ನಾನು ಒಡೆದುಹೋಗಬಾರದೆಂದು. ನಾನು ಆ ಮಾತೇ ಎತ್ತದೆ ಇದ್ದದ್ದೂ ನೀನು ಒಡೆದುಹೋಗಬಾರದೆಂದು ಎಂದು ಬರೆಯಲು ಹೊರಟೆ. ಅದು ಪೂರ್ತಿ ನಿಜವೇ ಎಂದು ಗೊತ್ತಿಲ್ಲದ ಕಾರಣ ಹೊಡೆದುಹಾಕುತ್ತಿದ್ದೇನೆ.

'ಪಿಸು ಮತ್ತು ಚಿಂದಿ'ಯ ಕೊನೆಯ ಭಾಗ ಬಂದಿದೆ. ಪಿಸು ಕಡೆಗೂ ತನ್ನ ಬಾಯಿಂದಲೇ ಗಟ್ಟಿಯಾಗಿ ಚಿಂದಿಯ ಹೆಸರು ಕರೆಯುತ್ತಾಳೆ. ಹತ್ತಿಯೆಲ್ಲ ತೀರಿಹೋದ ಚಿಂದಿ ಅದನ್ನು ಕೇಳಿ ಕಣ್ಣು ಮುಚ್ಚುತ್ತದೆ. ಕೊನೆಯ ಪುಟದಲ್ಲಿ ಖಾಲಿ ಕುರ್ಚಿ, ಒಂದೇ ಮಾತು. ಆ ಭಾಷೆಯಲ್ಲಿ ಅದಕ್ಕೆ 'ಇಲ್ಲಿತ್ತು', 'ಇಲ್ಲಿದ್ದ', 'ಇಲ್ಲಿದ್ದಳು' ಮೂರೂ ಅರ್ಥ. ಚಿತ್ರ ಬರೆದವರು ಕೊನೆಗೂ ಹೇಳಲೇ ಇಲ್ಲ. ಯಾವುದನ್ನು ಹಾಕಲಿ? ಇದನ್ನು ಅನುವಾದಕಿ ಓದುಗಳನ್ನು ಕೇಳುತ್ತಿಲ್ಲ, ನಾನು ನಿನ್ನನ್ನು ಕೇಳುತ್ತಿದ್ದೇನೆ.

ನಿಮ್ಮಿಬ್ಬರ,
ಅಮ್ಮ


ನವೆಂಬರ್ ೧೮

ಅಮ್ಮಾ,

ಈ ಪತ್ರ ನಿನಗೇ. ಲಕೋಟೆಯ ಮೇಲೆ ಮನೆಯ ವಿಳಾಸ ಬರೆದಿದ್ದೇನೆ. ಸಂಪಾದಕರಿಗೆ ಬೇಜಾರಾದರೆ ಆಗಲಿ.

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ಕೂತು ಓದಿದೆ. ಆಮೇಲೆ ಹಿಂದಿನಿಂದ ಮುಂದಕ್ಕೆ ಓದಿದೆ. 'ಬೆಳಕು ಇರುವವರೆಗೆ ಇದ್ದಳು' ಎಂಬಲ್ಲಿಂದ ಶುರು ಮಾಡಿ ಸೀನು, ಅಳು, ಆಮೇಲೆ 'ಅವಳು ಬೆಳಿಗ್ಗೆ ಬಂದಳು'. ಅಪ್ಪ ಓದುವ ಹಾಗೆ. ಅಲ್ಲಿಗೆ ನಿಲ್ಲಿಸಿದೆ.

ವಟವಟ ಬಂದು "ಏನಾಯ್ತೇ?" ಎಂದಳು. ನಾನು, "ನನಗೆ ಒಬ್ಬಳು ತಂಗಿ ಇದ್ದಳು" ಎಂದೆ. ಅಷ್ಟು ಉದ್ದದ ವಾಕ್ಯವನ್ನು ನನ್ನ ಬಾಯಲ್ಲಿ ಅವಳು ಕೇಳಿದ್ದೇ ಇಲ್ಲ. "ಎಷ್ಟು ದೊಡ್ಡವಳು?" ಎಂದಳು. "ಈಗ ಇದ್ದಿದ್ರೆ ಎದುರು ಮಾತಾಡ್ತಿದ್ದಳು" ಎಂದೆ. ಅವಳು ಪಕ್ಕದಲ್ಲಿ ಕೂತಳು. ವಟವಟ ಸುಮ್ಮನೆ ಕೂತದ್ದನ್ನು ನಾನೂ ಆವತ್ತೇ ನೋಡಿದ್ದು.

ಚಿಂದಿಗೆ 'ಇಲ್ಲಿತ್ತು' ಎಂದೇ ಹಾಕು. ನೀನು ಹೇಳಿದ್ದೆಯಲ್ಲ, ಅಕ್ಕರೆಯ ಅದು, ಗೊಂಬೆಗೆ ಆ ಅದು ಸಾಕು. 'ಇಲ್ಲಿದ್ದಳು' ಎಂಬುದನ್ನು ಪುಸ್ತಕಕ್ಕೆ ಕೊಡಬೇಡ. ಅದು ನಮ್ಮನೆಯದು.

ರಜೆಗೆ ಬರುತ್ತೇನೆ. ಊಟ ಸರಿಯಾಗಿ ಮಾಡುತ್ತಿದ್ದೇನೆ. ಬಂದಾಗ ಒಂದು ಸಲ ಬಾಯಿ ಬಿಟ್ಟು ಹೇಳು, 'ನಿನ್ನ ತಂಗಿ' ಎಂದು. ಓದಿದ್ದಾಯಿತು, ನಿನ್ನ ದನಿಯಲ್ಲಿ ಕೇಳಬೇಕು. ನೀನು ಅತ್ತರೆ ಅಳು. ನಾನು ಕೋಣೆ ಬಿಟ್ಟು ಹೋಗುವುದಿಲ್ಲ.

ಇನ್ನೊಂದು. ತಮ್ಮನನ್ನು ನಿನ್ನೆ ಕಳಿಸಿಕೊಟ್ಟೆ. ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಜಗಳ ಮಾಡಲಿಲ್ಲ. ಚಪ್ಪಲಿಯನ್ನು ಎಡ ಬಲ ತಪ್ಪಿ ಹಾಕಿಕೊಂಡು ಹೋದ. ಸರಿಮಾಡಿ ಹಾಕಿ ಕಳಿಸಬೇಕಿತ್ತು ಎಂದು ಆಮೇಲೆ ಅನ್ನಿಸಿ ತುಂಬ ಅತ್ತೆ.

ತಂಗಿ ಉಳಿದಳು.

ಇತಿ ನಿನ್ನ,
ದೊಡ್ಡ ಮಗಳು